ಅರ್ಧ ಕೆನ್ನೆ

ಮಾರ್ಚ್ ೧೪, ಬೆಳಿಗ್ಗೆ
ಕಟಿಂಗ್ ಅಂಗಡಿಯಿಂದ

ಮುದ್ದು ಮಗಳಿಗೆ,

ಅಪ್ಪನ ಆಶೀರ್ವಾದ. ಅಳಿಯಂದಿರನ್ನೂ ನಿಮ್ಮತ್ತೆಯವರನ್ನೂ ಕೇಳಿದೆನೆಂದು ಹೇಳು. ನಿನ್ನ ಕಾಗದ ಬಂದು ವಾರದ ಮೇಲಾಯಿತು. ಪುರುಸೊತ್ತಿರಲಿಲ್ಲ ಅಂತ ಬರೆದರೆ ನಗುತ್ತೀಯ. ಪುರುಸೊತ್ತಿತ್ತು, ಧೈರ್ಯ ಇರಲಿಲ್ಲ. ಫೋನ್ ಮಾಡಿದರೆ ನೀನು ಎಲ್ಲರ ಎದುರೇ ಮಾತಾಡಬೇಕು, ನನಗೆ ನಾಲಿಗೆ ಏಳುವುದಿಲ್ಲ. ಇದನ್ನು ಬರೆಯುತ್ತಿರುವಾಗ ಗಿರಾಕಿಯೊಬ್ಬರು ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕುರ್ಚಿಯಲ್ಲಿ ಕಾಯುತ್ತಿದ್ದಾರೆ. ಅವರ ವಿಷಯ ಆಮೇಲೆ.

ಗುಂಡನ ತೂಕ ಏರುತ್ತಿಲ್ಲ, ಸಂಜೆಯಾದರೆ ಮೈ ಬಿಸಿ, ಕೆಮ್ಮು ಬಿಟ್ಟಿಲ್ಲ ಅಂತ ಬರೆದಿದ್ದೀಯ. ಹಲ್ಲು ಬರುವಾಗ ಹೀಗೇ ಅಂತ ನಿಮ್ಮತ್ತೆ ಅಂದರಂತೆ. ಅದನ್ನು ಓದಿದಾಗಿನಿಂದ ಕೆಲಸದ ಮೇಲೆ ಗಮನವೇ ಇಲ್ಲ. ಮೊನ್ನೆ ತರಕಾರಿಯವನ ಮೀಸೆ ಒಂದು ಕಡೆ ಗಿಡ್ಡವಾಯಿತು. ಈಗ ಇದೇ ಫ್ಯಾಷನ್ ಅಂದೆ, ಪಾಪ, ನಂಬಿದ.

ನನಗೆ ಟಿಬಿ, ಮಗಳೇ. ನೀನು ಬಂದು ಹೋದ ಮೇಲೆ ಕಫದ ಪರೀಕ್ಷೆಯಲ್ಲಿ ಗೊತ್ತಾಯಿತು. ನೆಲ ರಿಪೇರಿ ಅಂತ ಬೋರ್ಡು ಹಾಕಿ ಅಂಗಡಿ ಮುಚ್ಚಿದ್ದೆನಲ್ಲ, ನೆಲಕ್ಕೆ ಏನೂ ಆಗಿರಲಿಲ್ಲ. ನೀನು ಬರುತ್ತೇನೆ ಅಂದಾಗಲೆಲ್ಲ ಏನೋ ಒಂದು ನೆಪ ಹೇಳಿದ್ದೂ ಇದಕ್ಕೇ. ಈಗ ಗುಣವಾಗುತ್ತಿದೆ. ಇನ್ನು ನನ್ನಿಂದ ಯಾರಿಗೂ ಹರಡಲ್ಲ ಅಂತ ಡಾಕ್ಟರು ಹೇಳಿದ ಮೇಲೇ ಅಂಗಡಿ ತೆಗೆದದ್ದು.

ನಾನು ಮಾತ್ರೆ ನುಂಗುವುದನ್ನು ಆಸ್ಪತ್ರೆಯವರು ಕಣ್ಣಾರೆ ನೋಡಬೇಕು, ಅದು ಅವರ ಪದ್ಧತಿ. ಅದಕ್ಕೊಬ್ಬರು ಬರುತ್ತಾರೆ. ಮಾತ್ರೆ ಮೇಷ್ಟ್ರು ಅಂತ ಹೆಸರಿಟ್ಟಿದ್ದೇನೆ. ಅಂಗಡಿ ಮುಚ್ಚಿದ್ದಾಗ ಮನೆಗೆ ಬರುತ್ತಿದ್ದರು. ಅಂಗಡಿ ತೆಗೆದ ಮೊದಲ ದಿನ ಆಸ್ಪತ್ರೆಯ ಬ್ಯಾಗು ನೇತುಹಾಕಿಕೊಂಡು ಇಲ್ಲಿನ ಬಾಗಿಲಲ್ಲಿ ನಿಂತಾಗ ನನ್ನ ಜೀವ ಬಾಯಿಗೆ ಬಂತು. "ದಮ್ಮಯ್ಯ, ಗಿರಾಕಿ ಥರ ಬನ್ನಿ" ಅಂತ ಕೈಮುಗಿದೆ. ಅಂದಿನಿಂದ ಆ ಪುಣ್ಯಾತ್ಮ ದಿನಾ ಬೆಳಿಗ್ಗೆ ಬಂದು ಶೇವಿಂಗಿಗೆ ಕೂರುತ್ತಾರೆ. ನೊರೆ ಹಚ್ಚಿ, ಕ್ಯಾಲೆಂಡರ್ ನೋಡುವವನಂತೆ ತಿರುಗಿ ಮಾತ್ರೆ ಬಾಯಿಗೆ ಹಾಕಿಕೊಳ್ಳುತ್ತೇನೆ. ಅವರು ಕನ್ನಡಿಯಲ್ಲೇ ನೋಡಿ ತಲೆಯಾಡಿಸುತ್ತಾರೆ. ದಿನಾ ಕತ್ತಿ ತಾಗಿ ಅವರ ಕೆನ್ನೆ ಕೆಂಪಗೆ ಸುಲಿದುಹೋಗಿದೆ. ಅವರ ಹೆಂಡತಿ, "ದಿನಾ ಮದುವೆ ಗಂಡಿನ ಹಾಗೆ ಎಲ್ಲಿಗೆ ಹೋಗ್ತೀರಿ?" ಅಂತ ಕೇಳಿದರಂತೆ.

ಎಂಥ ದೊಡ್ಡ ಮನುಷ್ಯನಾದರೂ ನನ್ನ ಮುಂದೆ ತಲೆ ತಗ್ಗಿಸಲೇಬೇಕು ಅಂತ ಜಂಬ ಕೊಚ್ಚುತ್ತಿದ್ದವನು ನಾನು. ಈಗ ಬೆಂಚಿನ ಮೇಲೆ ಯಾರು ಕೆಮ್ಮಿದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತೇನೆ. ಕಾಯಿಲೆ ಯಾರಿಗಾದರೂ ಬರುತ್ತೆ. ಮುಚ್ಚಿಟ್ಟದ್ದು ನಾನು. ನನಗೆ ತುಂಬಾ ನಾಚಿಕೆಯಾಗುತ್ತಿದೆ.

ನೀನು ಚೆನ್ನಾಗಿರು. ಗುಂಡ ನೂರು ವರ್ಷ ಬಾಳಲಿ.

ನಿನ್ನ
ಅಪ್ಪ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಕುರ್ಚಿಯಲ್ಲಿ ಕೂತಿರುವವರು ಮಾತ್ರೆ ಮೇಷ್ಟ್ರೇ. ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ, "ಮಗೂಗೆ ಪರೀಕ್ಷೆ ಮಾಡಿಸೋ ವಿಷಯ ಬರೆದ್ರಾ?" ಅಂತ ಕೇಳಿದರು. ನಾನು ಬರೆದಿರಲಿಲ್ಲ.

ಮನೆಗೆ ಬಂದ ಮೊದಲ ದಿನವೇ ಅವರು ಕೇಳಿದ್ದರು: "ನಿಮ್ಮ ಜೊತೆ ಮನೇಲಿ ಯಾರಿದ್ರು? ಚಿಕ್ಕ ಮಕ್ಕಳು ಬಂದು ಹೋದ್ರಾ? ಬೇಗ ಹೇಳಿದ್ರೆ ಪರೀಕ್ಷೆ ಮಾಡಿ, ಕಾಯಿಲೆ ಬರದ ಹಾಗೆ ಔಷಧಿ ಕೊಡ್ತೀವಿ." ನಾನು, "ಒಂಟಿ ಪ್ರಾಣಿ ಸ್ವಾಮಿ, ನಮ್ಮನೆಗೆ ಯಾರು ಬರ್ತಾರೆ?" ಅಂದೆ. ನೀನು ಗುಂಡನನ್ನು ಕರೆದುಕೊಂಡು ತಿಂಗಳು ಪೂರ್ತಿ ಇದ್ದು ಹೋಗಿದ್ದೆ. ಆಸ್ಪತ್ರೆಯವರು ನಿನ್ನ ಅತ್ತೆ ಮನೆ ಬಾಗಿಲಿಗೆ ಬಂದರೆ ನಿನ್ನ ಮರ್ಯಾದೆ ಏನಾಗುತ್ತೆ ಅಂತ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ನಾನು ಕಾಯುತ್ತಿದ್ದದ್ದು ನನ್ನ ಮರ್ಯಾದೆಯನ್ನು.

ಇವತ್ತು ಒಂದು ಕೆನ್ನೆ ಮುಗಿಸುವಷ್ಟರಲ್ಲಿ ಎಲ್ಲ ಹೇಳಿಬಿಟ್ಟೆ. ಅವರು ಬೈಯಲಿಲ್ಲ. "ಈಗಲೇ ಬರೀರಿ, ನಾನೇ ತಗೊಂಡು ಹೋಗ್ತೀನಿ" ಅಂದರು. ಇನ್ನೊಂದು ಕೆನ್ನೆಗೆ ಕತ್ತಿ ಹಿಡಿದರೆ, "ಗಡ್ಡ ಎಲ್ಲೂ ಓಡಿಹೋಗಲ್ಲ" ಅಂದರು.

ಹಾಗಾಗಿ ಈ ಕಾಗದ ಕೊಟ್ಟ ಅರ್ಧ ಗಡ್ಡದವರನ್ನು ಬಾಗಿಲಲ್ಲಿ ನಿಲ್ಲಿಸಬೇಡ, ಒಳಗೆ ಕರೆ. ಯಾರು ಅಂತ ಅತ್ತೆ ಕೇಳಿದರೆ, ನಮ್ಮಪ್ಪನಿಗೆ ಟಿಬಿ, ಆಸ್ಪತ್ರೆಯಿಂದ ಬಂದಿದ್ದಾರೆ ಅಂತ ಗಟ್ಟಿಯಾಗಿ ಹೇಳು. ಇವತ್ತೇ ಅವರ ಜೊತೆ ಗುಂಡನನ್ನು ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸು, ನೀನೂ ಮಾಡಿಸಿಕೋ. ಅವನು ದಿನಾ ತಾತನ ಎದೆಯ ಮೇಲೇ ಮಲಗುತ್ತಿದ್ದ ಅಂತ ಡಾಕ್ಟರಿಗೆ ಹೇಳಲು ಮರೆಯಬೇಡ. ನಾನು ಕೆಮ್ಮಿದಾಗಲೆಲ್ಲ ಎದೆ ಕುಣಿಯುತ್ತಿತ್ತು. ತಾತ ತನ್ನನ್ನು ತೂಗುತ್ತಿದ್ದಾನೆ ಅಂದುಕೊಂಡು ಅವನು ನಗುತ್ತಿದ್ದ.