ಮೈಲಪ್ಪನ ಕಟ್ಟು ಬಿಚ್ಚಲು ಅಪ್ಪಣೆ ಬೇಕಾಗಿದೆ

ತಾಲ್ಲೂಕಿನ ಶಾಂತಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿಕೊಂಡಿರುವ ಮಾನ್ಯ ದಂಡಾಧಿಕಾರಿಗಳೇ,

ನಮ್ಮೂರ ಮೈಲಪ್ಪನ ಮುರಿದ ಬಲಗೈಗೆ ಹಾಕಿದ ಕಟ್ಟನ್ನು ಇಪ್ಪತ್ತೊಂದನೆಯ ದಿನ ಬಿಚ್ಚಬೇಕಿತ್ತು. ಇಂದು ಇಪ್ಪತ್ತಾರನೆಯ ದಿನ. ಬಿಚ್ಚಬೇಕಾದ ನಾಟಿ ವೈದ್ಯ ರಾಜಾಸಾಬರು ನಲವತ್ತು ಹೆಜ್ಜೆ ದೂರದ ಎದುರು ಓಣಿಯಲ್ಲಿ ಕೈಕಟ್ಟಿ ಕೂತಿದ್ದಾರೆ. ಏಕೆಂದರೆ ಅವರು ನಮ್ಮ ಓಣಿಗೆ ಆರು ತಿಂಗಳು ಕಾಲಿಡಕೂಡದೆಂದು ತಾವು ಹುಕುಂ ಮಾಡಿದ್ದೀರಿ. ನನ್ನ ದೂರು ಇಷ್ಟೇ. ಉಳಿದದ್ದು ವಿವರಣೆ. ಹೆಂಡತಿ ಅನ್ನದಾನಮ್ಮ ತೀರಿಕೊಂಡ ಮೇಲೆ ನನ್ನ ಮಾತನ್ನು ನಡುವೆ ತಡೆಯುವವರಿಲ್ಲ, ಆದ್ದರಿಂದ ತುಸು ಉದ್ದವಾದೀತು.

ಪ್ರವಾಸಿ ಮಂದಿರದ ಶಾಂತಿ ಸಭೆಯಲ್ಲಿ ತಾವು ಆಡಿದ ಮಾತು ನನಗೆ ನೆನಪಿದೆ. ಸಮಾಜವೆಂದರೆ ಒಂದು ದೇಹ, ಒಂದು ಅಂಗ ನೊಂದರೆ ಇಡೀ ದೇಹಕ್ಕೆ ಮದ್ದು ಕೊಡಬೇಕು, ಸಮಗ್ರ ದೃಷ್ಟಿ ಬೇಕು, ಎಂದಿರಿ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಇಂಗ್ಲಿಷಿನಲ್ಲೂ ಅದಕ್ಕೊಂದು ಮಾತಿದೆ, ‘ದಿ ಹೋಲ್ ಈಸ್ ಗ್ರೇಟರ್ ದ್ಯಾನ್’ ಏನೋ. ಬಳ್ಳಾರಿಯಲ್ಲಿ ಇಂಟರ್‌ಮೀಡಿಯಟ್ ಓದುವಾಗ ಬಾಯಿಪಾಠ ಮಾಡಿದ್ದೆ. ನಾನು ಅದರ ಬಾಲ ಮರೆತೆ. ತಾವು ತಲೆಯನ್ನೇ ಮರೆತಿರಿ.

ನಡೆದದ್ದೇನು? ಮೈಲಪ್ಪ ತನ್ನ ಎತ್ತಿನ ಗಾಡಿಯನ್ನು ಹಿಂದಕ್ಕೆ ಸರಿಸುವಾಗ ನೂರ್ ಅಹಮದನ ಸೈಕಲ್ ಅಂಗಡಿಯ ಮುಂದೆ ನಿಲ್ಲಿಸಿದ್ದ ಸೈಕಲ್‌ಗಳು ಸಾಲಾಗಿ ಉರುಳಿದವು. ನೂರ್ ಬೈದ. ಮೈಲಪ್ಪ ಅವನ ಸತ್ತ ತಂದೆಯನ್ನು ಮಾತಿಗೆ ಎಳೆದ. ನೂರ್ ಗಾಳಿ ಹೊಡೆಯುವ ಪಂಪನ್ನೇ ಎತ್ತಿ ಬೀಸಿದ. ಮೊಳಕೈ ಕೆಳಗೆ ಎಲುಬು ಮುರಿಯಿತು. ಆಮೇಲೆ ಎರಡೂ ಓಣಿಗಳ ಶೂರರು ಬಂದು ಕಲ್ಲು ತೂರಿದರು, ಸೈಕಲ್‌ಗೂ ಗಾಡಿಗೂ ಸಂಬಂಧವಿಲ್ಲದವರೇ ಹೆಚ್ಚು.

ಕಲ್ಲು ಬೀಳುತ್ತಿರುವಾಗಲೇ ಮೈಲಪ್ಪನನ್ನು ಎತ್ತಿ ಮನೆ ಸೇರಿಸಿದವರು ರಾಜಾಸಾಬರು. ಹೊಳಲಿನಿಂದ, ಚಿಗಟೇರಿಯಿಂದ ಜನ ಗಾಡಿ ಕಟ್ಟಿಕೊಂಡು ಬರುವುದು ಅವರ ಕೈಗುಣ ನಂಬಿ. ನನ್ನ ಹೆಂಡತಿಯ ಜಾರಿದ ಸೊಂಟ ಕೂಡಿಸಿದ್ದೂ ಅವರೇ. ಉದ್ದಿನ ಹಿಟ್ಟು, ಕೋಳಿ ತತ್ತಿ, ಬಿದಿರ ದಬ್ಬೆ, ಇಷ್ಟೇ ಅವರ ಔಷಧಾಲಯ. ಆದರೆ ಹೊಡೆದಾಟದಲ್ಲಿ ಮುರಿದ ಎಲುಬಿಗೆ ಅವರ ಅಜ್ಜನ ಕಾಲದಿಂದ ಒಂದು ಕಟ್ಟಳೆಯಿದೆ. ಅಂದು ಅವರು ಜಗಲಿಯಲ್ಲಿ ಕೂತು ಹೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ: “ಹೊಡದಾವನ ಮನಿಯಿಂದ ತತ್ತಿ ಬರ್ಲಿ, ಆಮ್ಯಾಲೆ ಕಟ್ತೀನಿ. ಮೂರನೇ ಕಟ್ಟು ಬಿಚ್ಚೋ ದಿನ ಹೊಡದ ಕೈನೇ ಬಂದು ಈ ಕೈ ಹಿಡಕಂಬೇಕು. ಇಲ್ಲಂದ್ರ ಎಲುಬು ಕೂಡ್ತೈತಿ, ಮನಸು ಕೂಡಂಗಿಲ್ಲ.”

ತತ್ತಿ ಬಂತು. ನೂರನ ತಾಯಿ ಹಮೀದಾ ಬೀ ಸೆರಗಿನಲ್ಲಿ ಮುಚ್ಚಿಕೊಂಡು ತಂದಳು. ಬಾಗಿಲಲ್ಲಿ ಮೈಲಪ್ಪನ ಹೆಂಡತಿ ಭರಮಮ್ಮ.

“ನನ್ ಮಗ ಹೊಡದದ್ದು ತಪ್ಪೈತಿ ಯವ್ವಾ. ಆದ್ರ ನಿನ್ ಗಂಡ ಅಂದ ಮಾತು ಮನುಷ್ಯಾರು ಅನ್ನೋದಲ್ಲ.”

“ತತ್ತಿ ಇಟ್ಟು ನಡಿಬೇ. ನನ್ ಗಂಡನ ಬಾಯಿಗಿ ಕಟ್ಟು ಕಟ್ಟೋ ರಾಜಾಸಾಬ ಇನ್ನೂ ಹುಟ್ಟಿಲ್ಲ.”

ಒಳಗೆ ನರಳುತ್ತಿದ್ದ ಮೈಲಪ್ಪನೂ ನಕ್ಕುಬಿಟ್ಟ. ಏಳು ದಿನದ ಮೇಲೆ ಎರಡನೆಯ ಕಟ್ಟು. ಅಂದು ಮತ್ತೆ ತತ್ತಿ ತಂದ ಹಮೀದಾ ಬೀಗೆ ಭರಮಮ್ಮ “ಕುಂದ್ರು, ಚಾ ಕುಡ್ದು ಹೋಗು” ಎಂದಳು, ಮುಖ ಮಾತ್ರ ಗೋಡೆಯ ಕಡೆಗಿತ್ತು. ಹದಿನಾಲ್ಕನೆಯ ದಿನದ ಮೂರನೆಯ ಕಟ್ಟಿಗೆ ಅದೂ ಈ ಕಡೆ ತಿರುಗಿತ್ತು. ಇನ್ನು ಉಳಿದದ್ದು ಬಿಚ್ಚುವ ದಿನ. ನೂರ್ ಖುದ್ದು ಬರಬೇಕಾದ ದಿನ. ಅಷ್ಟರಲ್ಲಿ ತಮ್ಮ ಸಮಗ್ರ ದೃಷ್ಟಿ ನಮ್ಮೂರ ಮೇಲೆ ಬಿತ್ತು.

ಎದುರು ಓಣಿಗೆ ಆರು ತಿಂಗಳು ಕಾಲಿಡೆನೆಂಬ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಲು ಈ ಓಣಿಯಿಂದ ಮೈಲಪ್ಪನೂ ಸೇರಿ ಹತ್ತು ಹೆಸರು ಸಿಕ್ಕವು, ಆ ಓಣಿಯಿಂದ ನೂರ್ ಸೇರಿ ಒಂಬತ್ತೇ. ತಕ್ಕಡಿ ಸಮ ನಿಲ್ಲಬೇಕಲ್ಲವೇ? ಹತ್ತನೆಯವರಾಗಿ ರಾಜಾಸಾಬರನ್ನು ಸೇರಿಸಿದಿರಿ. ಪುರಾವೆ? ಗಲಾಟೆಯ ದಿನ ಅವರ ಕೈಗೆ ರಕ್ತ ಹತ್ತಿತ್ತಂತೆ! ಹತ್ತಿತ್ತು ಸ್ವಾಮಿ, ಮೈಲಪ್ಪನದೇ ರಕ್ತ. ಗಾಯ ಒರೆಸಿದವನ ಕೈಗೆ ರಕ್ತ ಹತ್ತದೆ, ಪ್ರವಾಸಿ ಮಂದಿರದಲ್ಲಿ ಹಾರ ಹಾಕಿಸಿಕೊಂಡವರ ಕೈಗೆ ಹತ್ತೀತೇ? ಇಡೀ ದೇಹದ ವೈದ್ಯರಾದ ತಮಗೆ ಒಂದು ಸಂದೇಹವೂ ಬರಲಿಲ್ಲವೇ, ಮುರಿದದ್ದನ್ನು ಕೂಡಿಸುವವನನ್ನೇ ಕಟ್ಟಿಹಾಕಿದರೆ ಕೂಡಿಸುವವರು ಯಾರೆಂದು? ಈಗ ಊರು ಶಾಂತವಾಗಿದೆ, ನಿಜ. ಹಮೀದಾ ಬೀ ಈ ಕಡೆ ಬರುವುದಿಲ್ಲ, ಭರಮಮ್ಮ ಆ ಕಡೆ ನೋಡುವುದಿಲ್ಲ. ಬೈದಾಡಿಕೊಳ್ಳುವಾಗ ಇದ್ದ ಮಾತೂ ಹೋಯಿತು. ಮಸಣವೂ ಇಷ್ಟೇ ಶಾಂತ. ಅದಕ್ಕೆ ದಂಡಾಧಿಕಾರಿ ಬೇಕಿಲ್ಲ.

ಮೈಲಪ್ಪನನ್ನು ಡಾಕ್ಟರ ಬಳಿಗೂ ಕರೆದೊಯ್ದೆ. “ಕಟ್ಟಿದವರೇ ಬಿಚ್ಚಲಿ, ಹೆಚ್ಚುಕಮ್ಮಿಯಾದರೆ ನಾನು ಹೊಣೆಯಲ್ಲ” ಎಂದರು. ರಾಜಾಸಾಬರ ಬಳಿ ಹೋದೆ. ತಮ್ಮ ಮುಚ್ಚಳಿಕೆಯ ಮಾತನ್ನೇ ಎತ್ತಲಿಲ್ಲ ಆ ಮನುಷ್ಯ.

“ನನ್ ಚಿಂತಿ ಬಿಡ್ರಿ ಹಾಲೇಶಪ್ಪಾರ. ಮೈಲಪ್ಪಣ್ಣನ ಬೆರಳು ಆಡ್ತಾವೇನು, ನೋಡಿ ಬಂದು ಹೇಳ್ರಿ.”

ಅಂದಿನಿಂದ ನನಗೆ ಅದೇ ನೌಕರಿ, ಎರಡು ಓಣಿಗಳ ನಡುವೆ ಬೆರಳಿನ ಸಮಾಚಾರ ಸಾಗಿಸುವುದು. ಸೋಮವಾರ ಮೂರು ಬೆರಳು ಆಡುತ್ತಿದ್ದವು. ನಿನ್ನೆ ಎರಡು. ಹೇಳಿದಾಗ ರಾಜಾಸಾಬರು ತಮ್ಮ ಬೆರಳುಗಳನ್ನು ಮಡಿಚಿ ಬಿಚ್ಚಿ ನೋಡಿಕೊಂಡರು. “ಬಿಗಿ ಜಾಸ್ತಿ ಆಗೈತಿ. ಇನ್ನೊಂದ್ ನಾಕು ದಿನ. ಆಮ್ಯಾಲೆ ನಾನು ಹೋದ್ರೂ ಉಪೇಗಿಲ್ರಿ.” ಮೈಲಪ್ಪ ಗಾಡಿ ಹೊಡೆದು ಉಣ್ಣುವವನು. ಹಗ್ಗ ಹಿಡಿಯುವುದು ಬಲಗೈಯಲ್ಲಿ.

ಇಷ್ಟು ಹೊತ್ತು ತಮ್ಮನ್ನು ಬೈದೆ. ಒಂದು ಸಂಗತಿ ಬಚ್ಚಿಟ್ಟರೆ ಮೇಲಿರುವ ಅನ್ನದಾನಮ್ಮ ಮೆಚ್ಚುವುದಿಲ್ಲ. ಆ ಪಟ್ಟಿಯನ್ನು ತಮ್ಮ ಗುಮಾಸ್ತರು ನನ್ನ ಮನೆಗೇ ತಂದಿದ್ದರು. “ನೀವು ಕಾಲೇಜು ಓದಿದವರು, ಊರ ಗೌರವಸ್ಥರು, ಸಾಕ್ಷಿಗೊಂದು ಸಹಿ” ಎಂದರು. ಇಂಗ್ಲಿಷಿನಲ್ಲಿ ಟೈಪು ಮಾಡಿದ ಎರಡು ಹಾಳೆ. ಕನ್ನಡಕ ಏರಿಸಿದೆ. ‘ಪಬ್ಲಿಕ್ ಟ್ರಾಂಕ್ವಿಲಿಟಿ’ ಎಂದು ಕಂಡಿತು. ಭೇಷ್ ಎಂದು ತಲೆದೂಗಿದೆ. ಅರ್ಥವಾಗಲಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಹಾಳೆ ತಿರುವಲಿಲ್ಲ, ಹತ್ತನೆಯ ಹೆಸರು ಎರಡನೆಯ ಹಾಳೆಯಲ್ಲಿತ್ತು. ಅನ್ನದಾನಮ್ಮ ಇದ್ದಿದ್ದರೆ, “ಓದಾಕ ಬರದಿದ್ರ ಬರಂಗಿಲ್ಲ ಅನ್ರಿ, ಯಾರೂ ಮೂಗು ಕೊಯ್ಯಂಗಿಲ್ಲ” ಎನ್ನುತ್ತಿದ್ದಳು. ತಾವು ನೋಡದೆ ಬರೆದಿರಿ, ನಾನು ಓದದೆ ಸಹಿ ಹಾಕಿದೆ. ನಾವಿಬ್ಬರೂ ಸೇರಿ ಒಂದು ಕೈ ಕೆಡಿಸುತ್ತಿದ್ದೇವೆ.

ಆದ್ದರಿಂದ ಈ ಸಾಕ್ಷಿ ತನ್ನ ಸಹಿಯನ್ನು ಈ ಬಹಿರಂಗ ಪತ್ರದಲ್ಲಿ ಎಲ್ಲರ ಎದುರಿಗೆ ಹಿಂದಕ್ಕೆ ಪಡೆಯುತ್ತಿದ್ದಾನೆ. ರಾಜಾಸಾಬರ ಹೆಸರು ಹೊಡೆದುಹಾಕಿ. ಹತ್ತಕ್ಕೆ ಒಂದು ಕಡಿಮೆಯಾಗಿ ತಕ್ಕಡಿ ವಾಲಿದರೆ ಆ ಜಾಗದಲ್ಲಿ ನನ್ನ ಹೆಸರು ಬರೆದುಕೊಳ್ಳಿ, ಓಣಿ ಬೇರೆಯಾದರೂ ಅಪರಾಧ ನನ್ನದೇ. ನೂರ್ ಅಹಮದನಿಗೂ ಒಂದು ಬೆಳಗಿನ ಮಟ್ಟಿಗೆ ನಲವತ್ತು ಹೆಜ್ಜೆಯ ಅಪ್ಪಣೆ ಕೊಡಿ. ಬರಿಗೈಯಲ್ಲಿ ಬರಬಾರದೆಂದು ಅವನು ತತ್ತಿ ತಂದಿಟ್ಟುಕೊಂಡು ಐದು ದಿನವಾಯಿತು. ಇನ್ನುಳಿದ ಮೂರು ದಿನದೊಳಗೆ ಆಗದಿದ್ದರೆ ತಾವೇ ದಯಮಾಡಿಸಿ ಕಟ್ಟು ಬಿಚ್ಚಿ. ಭರಮಮ್ಮ ಬಾಗಿಲಲ್ಲಿ ನಿಂತಿರುತ್ತಾಳೆ, ಸಭೆಯ ಭಾಷಣವನ್ನು ಅವಳೆದುರು ಇನ್ನೊಮ್ಮೆ ಓದಬಹುದು.

ಪತ್ರ ಮುಗಿಸಿ ಮೈಲಪ್ಪನ ಮನೆಗೆ ಹೋಗಬೇಕಾಗಿದೆ, ಇಂದಿನ ಬೆರಳು ಎಣಿಸಲು.

ಇಂತಿ,
ಎರಡನೆಯ ಹಾಳೆ ತಿರುವದ ಊರ ಗೌರವಸ್ಥ,
ಹಾಲೇಶಪ್ಪ, ಇಂಟರ್‌ಮೀಡಿಯಟ್ (ನಪಾಸು)