ಹಗಲಲ್ಲಿ ಮುಚ್ಚಿದ ಪರದೆ

ಗುರುವಾರ, ಜುಲೈ 14, 2022. ಸಂಜೆ

ಶಾಲೆಯ ಅಡುಗೆಮನೆಯಲ್ಲಿ ಇವತ್ತೂ ಬಿಸಿ ಕಸ್ಟರ್ಡ್. ಈ ಸೆಕೆಯಲ್ಲಿ ಅದನ್ನು ಮಾಡಿ ಎಂದ ಪುಣ್ಯಾತ್ಮ ಯಾರೋ. ಮಕ್ಕಳು ಮುಟ್ಟಲಿಲ್ಲ, ಬಕೆಟ್‌ಗಟ್ಟಲೆ ಚೆಲ್ಲಿದ್ದಾಯಿತು. ಒಲೆ ಮುಂದೆ ನಿಂತು ನಿಂತು ಕಾಲು ಊದಿದೆ.

ಮನೆಗೆ ಬಂದರೆ ನನ್ನ ಗಂಡ ಗಾರ್ಡನ್ ಹಿತ್ತಲಲ್ಲಿ ಕೂತಿದ್ದಾನೆ. ಚಡ್ಡಿ, ತಲೆ ಮೇಲೆ ಒದ್ದೆ ಟವೆಲು, ಎರಡೂ ಕಾಲು ಪಾತ್ರೆ ತೊಳೆಯುವ ತೊಟ್ಟಿಯಲ್ಲಿ. ಗಂಡ ನಿವೃತ್ತನಾದರೆ ಇಂಥದ್ದೆಲ್ಲ ನೋಡಬೇಕು.

"ಅದರಲ್ಲೇ ಆಮೇಲೆ ತಟ್ಟೆ ತೊಳೀಬೇಕು, ಗೊತ್ತಲ್ಲ?"

"ತೊಳಿ ಬಿಡು. ಕಾಲು ಹೆಂಗೂ ನೆನೆದು ಶುದ್ಧ ಆಗಿದೆ."

ಸೋಮವಾರ, ಮಂಗಳವಾರಕ್ಕೆ ಕೆಂಪು ಎಚ್ಚರಿಕೆ ಬರಬಹುದಂತೆ, ರೇಡಿಯೋದಲ್ಲಿ ಹೇಳಿದರು. ಸೆಕೆಗೆ ಕೆಂಪು ಬಣ್ಣ ಕೊಟ್ಟರೆ ಇಂಗ್ಲೆಂಡಿನಲ್ಲಿ ಇದೇ ಮೊದಲಂತೆ. ನಲವತ್ತು ಡಿಗ್ರಿ ಮುಟ್ಟಬಹುದು. ನಮ್ಮ ಗೇನ್ಸ್‌ಬರೋದಲ್ಲಿ... ನಲವತ್ತು. ಗಾರ್ಡನ್ ನಕ್ಕ. "ಎಪ್ಪತ್ತಾರರ ಬೇಸಿಗೇನೇ ನೋಡಿದೋರು ನಾವು." ಎಪ್ಪತ್ತಾರರಲ್ಲಿ ಇವನಿಗೆ ಹದಿನೆಂಟು ವರ್ಷ. ಆಗ ಒಲೆಯೊಳಗೆ ಕೂರಿಸಿದ್ದರೂ ಬದುಕುತ್ತಿದ್ದ.

ಶುಕ್ರವಾರ, ಜುಲೈ 15

ಪೇಟೆಯಲ್ಲಿ ಒಂದು ಫ್ಯಾನೂ ಇಲ್ಲ. ಐಸ್ ಇಲ್ಲ. ಐಸ್‌ಕ್ಯಾಂಡಿ ಕೂಡ ಖಾಲಿ. ಸಾಲಿನಲ್ಲಿ ನಿಂತವರೆಲ್ಲ "ಎಂಥಾ ಚೆಂದ ಬಿಸಿಲು, ಅಲ್ವಾ" ಎನ್ನುತ್ತಲೇ ಬೆವರು ಒರೆಸಿಕೊಳ್ಳುತ್ತಿದ್ದರು. ಬಿಸಿಲನ್ನು ಬೈದರೆ ಮತ್ತೆ ಬರುವುದಿಲ್ಲವೇನೋ ಎಂಬ ಭಯ ನಮ್ಮವರಿಗೆ.

ಮನೆಯಲ್ಲಿ ಜಗಳ. ಹಗಲು ಕಿಟಕಿ ಮುಚ್ಚಿ ಪರದೆ ಎಳೆಯಿರಿ, ರಾತ್ರಿ ತೆಗೆಯಿರಿ ಎಂದು ಎಲ್ಲ ಕಡೆ ಹೇಳುತ್ತಿದ್ದಾರೆ. ಗಾರ್ಡನ್ ಮಟಮಟ ಮಧ್ಯಾಹ್ನ ಎಲ್ಲ ಕಿಟಕಿಗಳನ್ನೂ ತೆಗೆದಿಟ್ಟ.

"ಮುಚ್ಚಿದ್ರೆ ಗಾಳಿ ಎಲ್ಲಿಂದ ಬರುತ್ತೆ?"

"ಬರ್ತಿರೋದು ಗಾಳಿ ಅಲ್ಲ ಮಾರಾಯ. ಕೈ ಒಡ್ಡಿ ನೋಡು. ಬೆಂಕಿ."

ಕೈ ಒಡ್ಡಿದ. ಎಲ್ಲ ಕಿಟಕಿಗಳನ್ನೂ ಮುಚ್ಚಿದ. ಮೂವತ್ತೈದು ವರ್ಷದ ಸಂಸಾರದಲ್ಲಿ ಇಷ್ಟು ಬೇಗ ಸೋತಿದ್ದು ಇದೇ ಮೊದಲು. ಚಳಿಗೆಂದು ಕಟ್ಟಿದ ಮನೆಗಳು ಇವು. ಒಳಗೆ ಬಂದ ಕಾವು ಹೊರಗೆ ಹೋಗುವುದಿಲ್ಲ. ಕಾವು ಹಿಡಿದಿಡಲೆಂದು ಅಟ್ಟದ ತುಂಬ ಉಣ್ಣೆ ಬೇರೆ ತುಂಬಿಸಿಕೊಂಡಿದ್ದೇವೆ.

ಶನಿವಾರ, ಜುಲೈ 16

ನಮ್ಮ ಫ್ರೀಜರಿನಲ್ಲೇ ಮಾಡಿದ ಒಂದು ಡಬ್ಬಿ ಐಸ್ ಹಿಡಿದು ಪಕ್ಕದ ಮಿಸ್ ಲೇಮಿಂಗ್ ಮನೆಗೆ ಹೋದೆ. ಮೂವತ್ತು ವರ್ಷದಿಂದ ನಮ್ಮ ನಡುವೆ ಇರುವುದು ಒಂದೇ ಗೋಡೆ. ಇವತ್ತಿಗೂ ಅವರು ಮಿಸ್ ಲೇಮಿಂಗ್. ಈನಿಡ್ ಎಂದು ಕರೆ ಎಂದು ಅವರು ಹೇಳಲಿಲ್ಲ, ನನಗೂ ಬಾಯಿ ಬರಲಿಲ್ಲ. ಎಂಬತ್ತಾರು ವರ್ಷ. ಬಾಯ್ಲರ್ ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವರು, ಮದುವೆಯಾಗಲಿಲ್ಲ, ಹುಟ್ಟಿದ ಮನೆಯಲ್ಲೇ ಇದ್ದಾರೆ. ಬೆನ್ನು ಇನ್ನೂ ನೆಟ್ಟಗೆ. ನಾಲಿಗೆ ಅದಕ್ಕಿಂತ ನೆಟ್ಟಗೆ.

ಬಾಗಿಲು ತೆಗೆದರು. ಉಣ್ಣೆಯ ಸ್ವೆಟರು, ಗುಂಡಿ ಕತ್ತಿನವರೆಗೆ.

"ಸೆಕೆ ಆಗಲ್ವಾ ಮಿಸ್ ಲೇಮಿಂಗ್?"

"ಆಗುತ್ತೆ. ಆದ್ರೆ ಬಾಗಿಲಿಗೆ ಯಾರಾದ್ರೂ ಬಂದ್ರೆ? ಈಗ ನೀನೇ ಬಂದೆ ನೋಡು."

ನೀರು ಕುಡಿಯುತ್ತಿದ್ದೀರಾ ಎಂದೆ. ಬಚ್ಚಲು ಮಹಡಿಯಲ್ಲಿ. "ಕುಡಿದಷ್ಟೂ ಮೆಟ್ಟಿಲು ಹತ್ತಬೇಕು ಕಣಮ್ಮ." ಐಸ್ ತೆಗೆದುಕೊಂಡರು, ಥ್ಯಾಂಕ್ಸ್ ಹೇಳಿದರು, ಇಷ್ಟೆಲ್ಲ ತೊಂದರೆ ಯಾಕೆ ತಗೊಂಡೆ ಎಂದರು. ಪರದೆಯ ಮಾತು ತೆಗೆದಾಗ ಮುಖ ಬದಲಾಯಿತು.

"ಹಗಲು ಹೊತ್ತು ಪರದೆ ಎಳೆಯೋದಾ? ಯಾರು ಸತ್ತಿದಾರೆ ಅಂತ?"

"ಬಿಸಿಲಿಗೆ, ಮಿಸ್ ಲೇಮಿಂಗ್. ರೇಡಿಯೋದಲ್ಲೇ ಹೇಳ್ತಿದಾರೆ."

"ರೇಡಿಯೋದೋರು ಈ ಬೀದೀಲಿ ಇಲ್ಲ. ನಾನಿದೀನಿ."

ಅವರ ತಾಯಿ ಹೋದಾಗ ಶವಪೆಟ್ಟಿಗೆ ಮನೆ ಬಿಡುವ ತನಕ ಪರದೆ ಮುಚ್ಚಿತ್ತಂತೆ. ಬೀದಿಯವರೂ ಎಳೆದುಕೊಂಡು ಗೌರವ ತೋರಿಸಿದ್ದರಂತೆ. ಅದು ಬಿಟ್ಟರೆ ಹಗಲಲ್ಲಿ ಪರದೆ ಮುಚ್ಚುವವರು ಕುಡುಕರು, ಸೋಮಾರಿಗಳು. ಇವರದು ಕತ್ತಲಾದರೆ ಮುಚ್ಚಬೇಕು, ಬೆಳಿಗ್ಗೆ ಏಳಕ್ಕೆ ತೆಗೆದಿರಬೇಕು. ಒಂದು ದಿನ ಎಂಟಾದರೆ ಬೀದಿಯೇ ಬಂದು ಬಾಗಿಲು ತಟ್ಟುತ್ತದೆ. ನನ್ನ ಅಮ್ಮನೂ ಹೀಗೇ ಇದ್ದಳು. ನನಗೆ ಅರ್ಥವಾಗದ್ದೇನಲ್ಲ. ಆದರೂ ರೇಗಿತು.

ಬರುವಾಗ ಹೇಳಿ ಬಂದೆ — ಮುಂದಿನದು ಹಾಳಾಗಲಿ, ಹಿಂದಿನ ಅಡುಗೆಮನೆ ಕಿಟಕಿಯದಾದರೂ ಎಳೆಯಿರಿ, ಮಧ್ಯಾಹ್ನದ ಬಿಸಿಲು ಬೀಳುವುದೇ ಅಲ್ಲಿ. "ನೋಡೋಣ" ಎಂದರು. ನಮ್ಮ ಕಡೆ ನೋಡೋಣ ಎಂದರೆ ಆಗುವುದಿಲ್ಲ ಎಂದರ್ಥ.

ಸೋಮವಾರ, ಜುಲೈ 18. ಸಂಜೆ

ಶಾಲೆ ಎರಡು ದಿನ ಮುಚ್ಚಿದೆ. ಬೀದಿಯ ಎಲ್ಲ ಮನೆಗಳೂ ಪರದೆ ಎಳೆದು ಕೂತಿವೆ. ಬೀದಿ ತುಂಬ ಸಾವಾದ ಹಾಗೆ ಕಾಣುತ್ತದೆ. ತೆರೆದಿದ್ದು ಮಿಸ್ ಲೇಮಿಂಗ್‌ದೊಂದೇ.

ನಿನ್ನೆ ಎರಡು ಸಲ, ಇವತ್ತು ಮೂರು ಸಲ ಹೋದೆ. ಮೂರನೇ ಸಲ ಅವರ ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಎದುರಿಗೆ ನಿಂತು ಒಂದು ಲೋಟ ನೀರು ಕುಡಿಸಿದೆ. ನಮ್ಮ ಮನೆಯಲ್ಲೂ ಮುಚ್ಚಿದ್ದೀವಿ, ಗಾರ್ಡನ್ ಇನ್ನೂ ಬದುಕೇ ಇದ್ದಾನೆ ಎಂದೆ. ನಗಲಿಲ್ಲ.

"ನೋರೀನ್, ನಾನು ನಿಮ್ಮ ಶಾಲೆ ಮಗು ಅಲ್ಲ. ಇನ್ನೊಂದು ಸಲ ಬಾಗಿಲು ತಟ್ಟಿದ್ರೆ ತೆಗೆಯಲ್ಲ."

ಸಿಟ್ಟು ಬಂತು. ತೆಗೆಯದಿದ್ದರೆ ಬಿಡಿ ಎಂದು ಬಂದುಬಿಟ್ಟೆ. ಮನೆಗೆ ಬಂದು ಗಾರ್ಡನ್ ಮೇಲೆ ಹಾರಾಡಿದೆ. ಅವನು ತೊಟ್ಟಿಯಿಂದ ಕಾಲೂ ತೆಗೆಯಲಿಲ್ಲ. "ಅವರಿಗೂ ಮಾನ ಮರ್ಯಾದೆ ಇರುತ್ತೆ ಕಣೇ. ದಿನಕ್ಕೆ ಮೂರು ಸಲ ಹೋಗಿ ನೀನೇನು ಔಷಧಿನಾ?"

ಮಂಗಳವಾರ, ಜುಲೈ 19. ಬೆಳಿಗ್ಗೆ

ಗೆದ್ದೆ. ಕಸದ ಡಬ್ಬಿ ಇಡಲು ಹೊರಗೆ ಹೋದವಳು ನೋಡುತ್ತೇನೆ — ಎಂಟು ಗಂಟೆ, ಮಿಸ್ ಲೇಮಿಂಗ್ ಮುಂದಿನ ಪರದೆ ಮುಚ್ಚಿದೆ. ಕಿಟಕಿ ಮೇಲ್ಭಾಗ ಮಾತ್ರ ಗೇಣಷ್ಟು ತೆರೆದಿದೆ. ಗಾರ್ಡನ್‌ನನ್ನು ಅಲ್ಲಿಂದಲೇ ಕೂಗಿ ಕರೆದೆ. "ಬಾ ನೋಡು, ಗೆದ್ದೆ. ಮುದುಕಿ ಕೊನೆಗೂ ದಾರಿಗೆ ಬಂತು."

"ಹೋಗಿ ತಟ್ಟಿ ಹೇಳು. ಸನ್ಮಾನ ಮಾಡ್ತಾರೆ."

ತಟ್ಟಲಿಲ್ಲ. ಬೇಡ ಎಂದಿದ್ದಾರೆ. ಸೋತವರ ಬಾಗಿಲಿಗೆ ಹೋಗಿ ಹಲ್ಲು ಕಿರಿಯುವುದು ಸರಿಯಲ್ಲ. ಅವರ ಮಾನ ಅವರಿಗಿರಲಿ.

ಅದೇ ದಿನ, ಮಧ್ಯಾಹ್ನ

ಕೈ ಪುಸ್ತಕಕ್ಕೆ ಅಂಟುತ್ತಿದೆ. ರೈಲು ನಿಂತಿವೆಯಂತೆ. ಊರಾಚೆ ಹುಲ್ಲಿಗೆ ಬೆಂಕಿ, ಹೊಗೆ ವಾಸನೆ. ನಲ್ಲಿಯ ತಣ್ಣೀರು ಬಿಸಿಯಾಗಿ ಬರುತ್ತಿದೆ. ಒದ್ದೆ ಬೆಡ್‌ಶೀಟು ಹೊದ್ದು ನೆಲದ ಮೇಲೆ ಮಲಗಿದ್ದೇವೆ.

ಒಂದು ಸಲ ಪಕ್ಕದ ಮನೆಗೆ ಹೋಗಿ ಬರಲಾ ಎಂದೆ. ಗಾರ್ಡನ್ ಕಣ್ಣು ತೆರೆಯದೆ ಹೇಳಿದ — "ಹೇಳಿದ ಮಾತು ಕೇಳಿದಾರಲ್ಲ, ಇನ್ನೇನು ಬೇಕು ನಿಂಗೆ? ಮಲಗಿರ್ತಾರೆ. ನೀನೂ ಮಲಕ್ಕೋ."

ಸರಿ ಅನಿಸಿತು.

ಬುಧವಾರ, ಜುಲೈ 20

ಬರೆಯಲೇಬೇಕು. ತಲೆಯಲ್ಲಿಟ್ಟುಕೊಂಡರೆ ಹುಚ್ಚು ಹಿಡಿಯುತ್ತದೆ.

ನಿನ್ನೆ ನಾಲ್ಕರ ಹೊತ್ತಿಗೆ ಒಣಗಿದ ಬಟ್ಟೆ ತರಲು ಹಿತ್ತಲಿಗೆ ಹೋದೆ. ಗಿಡ್ಡ ಗೋಡೆ, ಅವರ ಅಡುಗೆಮನೆ ಕಿಟಕಿ ಪೂರಾ ಕಾಣುತ್ತದೆ. ಪರದೆ ಎಳೆದಿರಲಿಲ್ಲ. ಬಿಸಿಲು ಮೇಜಿನ ತನಕ ನುಗ್ಗಿತ್ತು. ತಟ್ಟೆಯಲ್ಲಿ ಬೆಣ್ಣೆ ಎಣ್ಣೆಯಾಗಿ ನಿಂತಿತ್ತು. ಮೊದಲು ಸಿಟ್ಟೇ ಬಂದಿದ್ದು. ಬಾಯಿ ನೋಯುವಷ್ಟು ಹೇಳಿದ್ದು ಇದೇ ಕಿಟಕಿಯ ವಿಷಯ, ಇದನ್ನು ಬಿಟ್ಟು ಮುಂದಿನದನ್ನು ಮುಚ್ಚಿದ್ದಾರಲ್ಲ, ಎಂಥ ಹೆಂಗಸು ಎಂದು.

ಆಮೇಲೆ ಹೊಳೆಯಿತು. ಮುಂದಿನದನ್ನು ಅವರು ಮುಚ್ಚಿರಲಿಲ್ಲ. ರಾತ್ರಿ ಎಳೆದದ್ದನ್ನು ಬೆಳಿಗ್ಗೆ ತೆಗೆದೇ ಇರಲಿಲ್ಲ.

ಬಟ್ಟೆ ಅಲ್ಲೇ ಬಿತ್ತು. ಗಾರ್ಡನ್ ಗೋಡೆ ಹಾರಿ ಸುತ್ತಿಗೆಯಿಂದ ಹಿಂಬಾಗಿಲ ಗಾಜು ಒಡೆದ. ಮುಂದಿನ ಕೋಣೆಯಲ್ಲಿ, ಕುರ್ಚಿಗೂ ಕಿಟಕಿಗೂ ನಡುವೆ, ಜಮಖಾನೆಯ ಮೇಲೆ ಬಿದ್ದಿದ್ದರು. ಮಹಡಿಯ ಸೆಕೆ ತಾಳದೆ ನಸುಕಿನಲ್ಲಿ ಕೆಳಗೆ ಬಂದಿರಬೇಕು. ರಾತ್ರಿ ಉಡುಪಿನ ಮೇಲೂ ಸ್ವೆಟರು. ಮೈ ಮುಟ್ಟಿದರೆ ಓವನ್‌ನಿಂದ ಆಗತಾನೆ ತೆಗೆದ ತಟ್ಟೆಯ ಹಾಗೆ. ಬೆವರಿಲ್ಲ.

ಆಂಬುಲೆನ್ಸ್‌ಗೆ ಫೋನು ಮಾಡಿದರೆ ಎಲ್ಲವೂ ಹೊರಗಿವೆ, ಬರುವುದು ತಡ ಎಂದಳು ಆ ಹುಡುಗಿ. ಪಾಪ, ಅವಳ ದನಿಯೇ ಸೋತಿತ್ತು. ಏನೇನು ಮಾಡಬೇಕು ಎಂದು ಹೇಳಿದಳು, ಮಾಡಿದೆವು. ಸ್ವೆಟರು ಕತ್ತರಿಸಿ ತೆಗೆದೆ. ಒದ್ದೆ ಬೆಡ್‌ಶೀಟು. ನಮ್ಮ ಫ್ರೀಜರಿನ ಬಟಾಣಿ ಪೊಟ್ಟಣಗಳನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಿಗೆ ಇಟ್ಟೆ. ಗಾರ್ಡನ್ ಚಹಾದ ಟ್ರೇ ಹಿಡಿದು ಗಾಳಿ ಹಾಕಿದ, ಹಾಕುತ್ತಲೇ ಇದ್ದ, ನಾನು ಕೇಳಿದರೂ ಕೊಡಲಿಲ್ಲ. ತುಂಬ ಹೊತ್ತಿನ ಮೇಲೆ ಕಣ್ಣು ಬಿಟ್ಟರು.

"ಪರದೆ ತೆಗೀರಿ. ನಾನಿನ್ನೂ ಸತ್ತಿಲ್ಲ."

ಗಾರ್ಡನ್ ತೆಗೆದ. ಅಳುತ್ತಿದ್ದ. ಇವನು ಅತ್ತಿದ್ದನ್ನು ನಾನು ನೋಡಿರಲಿಲ್ಲ.

ಹೊತ್ತು ಮುಳುಗಿದ ಮೇಲೆ ಆಂಬುಲೆನ್ಸ್ ಬಂತು. ಲಿಂಕನ್ ಆಸ್ಪತ್ರೆಗೆ ಒಯ್ದರು. ಇವತ್ತು ನಾಲ್ಕು ಹನಿ ಮಳೆ, ತಂಪು. ಎಲ್ಲರೂ ಪರದೆ ತೆಗೆದು ಓಡಾಡುತ್ತಿದ್ದಾರೆ. ಬೇರೆ ಯಾವ ವಾರವಾದರೂ ಎಂಟು ಗಂಟೆಗೆ ಆ ಕಿಟಕಿ ನೋಡಿ ಮೊದಲು ಓಡುತ್ತಿದ್ದವಳು ನಾನೇ. ಈ ವಾರ ಅದನ್ನೇ ನೋಡಿ ಕುಣಿದೆ. ಹಾಳಾದ ಬುದ್ಧಿ.

ಶುಕ್ರವಾರ, ಜುಲೈ 22

ಆಸ್ಪತ್ರೆಗೆ ಹೋಗಿದ್ದೆ. ಕಿಡ್ನಿಗೆ ಪೆಟ್ಟು ಬಿದ್ದಿದೆ, ಈ ವಯಸ್ಸಿಗೆ ಏನೂ ಹೇಳಲಾಗದು ಎಂದರು ಡಾಕ್ಟರು. ಎರಡು ದಿನ ಕಳೆದರೆ ಗೊತ್ತಾಗುತ್ತದೆ. ಕೈಗೆ ನಳಿಕೆ, ಮುಖ ಅಂಗೈಯಷ್ಟಾಗಿದೆ. ನಾಲಿಗೆ ಮಾತ್ರ ಹಾಗೇ ಇದೆ. ಇಲ್ಲಿಯ ಚಹಾ ಪಾತ್ರೆ ತೊಳೆದ ನೀರು ಎಂದರು.

ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವರೇ ಮೊದಲು ಶುರು ಮಾಡಿದರು.

"ಬೆಳಿಗ್ಗೆ ನಿನ್ನ ದನಿ ಕೇಳಿಸ್ತು ನೋರೀನ್."

"ಯಾವ ಬೆಳಿಗ್ಗೆ?"

"ಮಂಗಳವಾರ. ಗೆದ್ದೆ ಅಂತಿದ್ಯಲ್ಲ ಗಾರ್ಡನ್‌ಗೆ. ಮುದುಕಿ ಅಂದೆ ನನ್ನ."

ಭೂಮಿ ಬಾಯಿ ಬಿಡಬಾರದೆ ಅನಿಸಿತು.

"ಆಗ ಎಚ್ಚರ ಇತ್ತಾ ನಿಮಗೆ?"

"ಇತ್ತು. ಬಿದ್ದಿದ್ದೆ ಅಷ್ಟೆ. ಸೊಂಟ ಏಳೋಕೆ ಬಿಡ್ಲಿಲ್ಲ. ಪರದೆ ಕೈಗೆ ಸಿಗ್ಲಿಲ್ಲ."

"ಕಿಟಕಿ ತೆರೆದಿತ್ತು. ನಾನು ಅಲ್ಲೇ ನಿಂತಿದ್ದೆ. ಒಂದು ಸಲ ಕೂಗಬಾರದಿತ್ತಾ?"

"ಕೂಗಬೋದಿತ್ತು." ಹೊದಿಕೆ ಎದೆಯ ತನಕ ಎಳೆದುಕೊಂಡರು. "ಬೆಳ್‌ಬೆಳಿಗ್ಗೆ ನಿಮಗೆ ಯಾಕೆ ತೊಂದರೆ ಅಂತ. ತಿಂಡಿ ಕೂಡ ಆಗಿರಲ್ಲ. ರಾತ್ರಿ ಉಡುಪಲ್ಲಿ ಬೇರೆ ಇದ್ದೆ. ಇನ್ನೊಂದು ಗಳಿಗೆಗೆ ನೀನೇ ಬಂದು ತಟ್ಟುತೀಯ ಅಂದ್ಕೊಂಡೆ."

"ತಟ್ಟಬೇಡ ಅಂದೋರು ನೀವೇ."

"ಅಂದೆ. ಮೂವತ್ತು ವರ್ಷದಲ್ಲಿ ನೀನು ಯಾವತ್ತು ನನ್ನ ಮಾತು ಕೇಳಿದೀಯ?"

ಸಿಟ್ಟು ತಡೆಯಲಾಗಲಿಲ್ಲ. ಅಷ್ಟು ಜನರೆದುರು ಬೈದೆ. ತೊಂದರೆ ಅಂತೆ, ತೊಂದರೆ, ನಿಮ್ಮ ತೊಂದರೆಗೆ ಬೆಂಕಿ ಹಾಕ ಎಂದೆ. ನರ್ಸ್ ಬಂದು ನೋಡಿದಳು. ಮಿಸ್ ಲೇಮಿಂಗ್ ಅವಳಿಗೆ ಹೇಳಿದರು, "ಏನಿಲ್ಲಮ್ಮ, ಇವಳು ನಮ್ಮ ಪಕ್ಕದ ಮನೆಯವಳು." ನನ್ನ ಕೈ ಹಿಡಿದುಕೊಂಡಿದ್ದರು. ಹೊರಡುವ ತನಕ ಬಿಡಲಿಲ್ಲ. ಕ್ಷಮೆ ಕೇಳಲು ಆಗಲೇ ಇಲ್ಲ. ಭಾನುವಾರ ಕೇಳುತ್ತೇನೆ.

ಭಾನುವಾರ, ಜುಲೈ 24. ಬೆಳಿಗ್ಗೆ

ಫ್ಲಾಸ್ಕಿಗೆ ಚಹಾ ಹಾಕಿಟ್ಟಿದ್ದೇನೆ, ಹಾಲು ಬೇರೆ ಸೀಸೆಯಲ್ಲಿ. ಅವರಿಗೆಂದು ಒಂದು ತೆಳು ಉಡುಪು ಇಸ್ತ್ರಿ ಮಾಡಿದೆ. ಹೋದ ಕೂಡಲೇ ಹೇಳಿಬಿಡಬೇಕು, ಬೇರೆ ಮಾತು ಶುರುವಾಗುವ ಮುಂಚೆ. ಗಾರ್ಡನ್ ಕಾರಿನ ಕೀ ಹುಡುಕುತ್ತಿದ್ದ.

ಫೋನು ಬಂತು. ಅವನೇ ಎತ್ತಿಕೊಂಡ. ಹೌದು ಎನ್ನುತ್ತಿದ್ದಾನೆ. ಪಕ್ಕದ ಮನೆಯವರೇ, ಹೌದು, ಬೇರೆ ಯಾರೂ ಇಲ್ಲ ಎನ್ನುತ್ತಿದ್ದಾನೆ. ಈಗ ಏನೂ ಎನ್ನುತ್ತಿಲ್ಲ. ಫೋನು ಇಟ್ಟ. ಬಾಗಿಲಲ್ಲಿ ನಿಂತಿದ್ದಾನೆ, ಗೊತ್ತು. ನಾನು ತಲೆ ಎತ್ತುವುದಿಲ್ಲ. ಬರೆಯುತ್ತಿರುವಷ್ಟು ಹೊತ್ತು ಅವನು ಹೇಳುವುದಿಲ್ಲ. ಫ್ಲಾಸ್ಕಿನ ಮುಚ್ಚಳ ಸರಿಯಾಗಿ ಹಾಕಿದ್ದೇನೆ. ಹಾಲು ಬೇರೆ ಇದೆ. ಸಕ್ಕರೆ ಅವರಿಗೆ ಎರಡು ಚಮಚ, ಅದನ್ನು ಅಲ್ಲಿ ಹೋಗಿ