ಎರಡನೆಯ ಟ್ರ್ಯಾಕಿನ ದನಿ

ಕುತೈಸಿ
ಮಾರ್ಚ್ ೧೨, ೧೯೯೫

ಪ್ರೀತಿಯ ದೋದೋ,

ನೀನೂ ನಿನ್ನ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಪುಟ್ಟ ಮಗಳು ಲಿಯಾಳ ಕೆನ್ನೆಗೆ ನನ್ನದೊಂದು ಮುತ್ತು. ನಿನ್ನ ಕ್ಯಾಸೆಟ್ಟು ನಿಮ್ಮ ಬತೂಮಿಯ ಬಸ್ಸಿನ ಡ್ರೈವರ್ ಕೈಯಲ್ಲಿ ಬಂದು ತಿಂಗಳಾಯಿತು. ತಡವಾಯಿತೆಂದು ಬೈಯಬೇಡ. ಇಲ್ಲಿ ಕರೆಂಟು ಯಾವಾಗ ಬರುತ್ತದೋ ಅದನ್ನು ಬಿಡುವವನಿಗೂ ಗೊತ್ತಿಲ್ಲ. ಕೊನೆಗೆ ತಮ್ಮ ಗುರಾಮ್ ತನ್ನ ಕಾರಿನ ಬ್ಯಾಟರಿಯನ್ನೇ ಕಳಚಿ ತಂದು ಅಡುಗೆಮನೆಯಲ್ಲಿಟ್ಟ.

ರೆಕಾರ್ಡರ್ ಹುಡುಕಿದ್ದೂ ಅವನೇ. ಮದುವೆ ಬ್ಯಾಂಡಿನವರು ಮೂಲೆಗೆ ಎಸೆದಿದ್ದ, ಒಂದೊಂದು ದನಿಯನ್ನೂ ಬೇರೆಬೇರೆಯಾಗಿ ಹಿಡಿದಿಡುವ ನಾಲ್ಕು ಟ್ರ್ಯಾಕಿನ ಯಂತ್ರ. ನಮ್ಮ ಮನೆಯ ವೈನ್ ಕೊಟ್ಟು ತಂದ. ರೆಕಾರ್ಡ್ ಮಾಡುವ ಗುಂಡಿ ಬಿದ್ದುಹೋಗಿದೆ, ಆ ತೂತಿಗೆ ಬೆಂಕಿಕಡ್ಡಿ ತೂರಿಸಿ ಒತ್ತಬೇಕು. ಮೈಕನ್ನು ಪೊರಕೆಯ ಹಿಡಿಗೆ ಕಟ್ಟಿ, ಸುತ್ತಲೂ ಕಂಬಳಿ ಇಳಿಬಿಟ್ಟು ಸ್ಟುಡಿಯೋ ಮಾಡಿದೆವು. ಅಜ್ಜಿ ಇಣುಕಿ ನೋಡಿ, ಯಾರಿಗೆ ಹೆರಿಗೆ ಎಂದು ಕೇಳಿದಳು.

ಲಿಯಾಳ ಶಿಶುವಿಹಾರದಲ್ಲಿ ದಡಾರ ಹಬ್ಬಿದೆ, ಅವಳಿಗೂ ಬಂದರೆ ಹಾಸಿಗೆಯ ಪಕ್ಕದಲ್ಲಿ ಒಡೆಯರ ಹಾಡು ಬೇಕು ಎಂದು ಬರೆದಿದ್ದೀಯ. ಬೇಕೇ ಬೇಕು. ದಡಾರದ ಜೊತೆ ಮನೆಗೆ ಬರುವ ಒಡೆಯರನ್ನು ಹಾಡಿ ನಲಿಸಿ ಕಳಿಸದೆ ಮಗು ಏಳುವುದುಂಟೇ? ಆದರೆ ದೋದೋ, ಆ ಹಾಡನ್ನು ನಾವಿಬ್ಬರೂ ಕಲಿತದ್ದು ನನ್ನ ಅಜ್ಜಿಯ ಪಕ್ಕ ಕೂತು, ಅಕ್ರೂಟು ಒಡೆಯುತ್ತಾ. ಮೇಲಿನ ದನಿ ನಿನ್ನದು, ನಡುವಿನದು ನನ್ನದು, ಕೆಳಗಿನದು ಅಜ್ಜಿಯದು. ಈಗ ನಿನ್ನ ಕ್ಯಾಸೆಟ್ಟು ಹಾಕಿದರೆ ಮೊದಲ ಟ್ರ್ಯಾಕಿನಲ್ಲಿ ನೀನು, ಎರಡನೆಯದರಲ್ಲಿ ನಿನ್ನ ಪಕ್ಕದ ಮನೆಯ ಇರ್ಮಾ. ನನ್ನ ದನಿಯನ್ನು ಇರ್ಮಾ ಹಾಡಿದ್ದಾಳೆ. ಅಜ್ಜಿಗೆ ಉಸಿರು ಸಾಲದು, ಕೆಳಗಿನ ದನಿ ನೀನೇ ಹಾಕಿಬಿಡು ಎಂದಿದ್ದೀಯ, ಸಾರಿಗೆ ಉಪ್ಪು ಹಾಕಿಬಿಡು ಎನ್ನುವ ಹಾಗೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ನಿನ್ನ ಮನೆಗೆ ಬಂದವಳು ನಮ್ಮ ಹಾಡಿಗೂ ಬಂದಳು.

ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳಿ ಏನಾಗಬೇಕು? ಅವಳ ದನಿ ಕೆಟ್ಟದಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಚೆನ್ನಾಗಿದೆ. ನೀನು ಉಸಿರು ತೆಗೆದುಕೊಳ್ಳುವ ಕಡೆ ಅವಳು ಕಾಯುತ್ತಾಳೆ. ಅದನ್ನು ಕಲಿಯಲು ನನಗೆ ಎಷ್ಟೋ ಚಳಿಗಾಲ ಹಿಡಿದಿತ್ತು.

ಅದಕ್ಕೇ ಅವಳನ್ನು ಅಳಿಸಿದೆ. ಕೈತಪ್ಪಿ ಅಲ್ಲ. ಗುರಾಮ್ ನನ್ನ ಮಣಿಕಟ್ಟು ಹಿಡಿದುಕೊಂಡು, "ಅಕ್ಕಾ, ಅದನ್ನ ಒತ್ತಿದ್ರೆ ಅವಳ ದನಿ ಹೋಯ್ತು ಅಂತಾನೇ. ಮತ್ತೆ ಬರಲ್ಲ" ಎಂದ. ಗೊತ್ತು ಎಂದು ಬೆಂಕಿಕಡ್ಡಿ ಒತ್ತಿದೆ. ಅವಳ ಜಾಗದಲ್ಲಿ ನಾನು ಹಾಡಿದೆ. ಆಮೇಲೆ ಮೂರನೆಯ ಟ್ರ್ಯಾಕಿನಲ್ಲಿ ಅಜ್ಜಿಯ ದನಿಯನ್ನೂ ನಾನೇ ಹಾಡಿದೆ.

ಒಲೆಯ ಮುಂದೆ ಮೆಕ್ಕೆಜೋಳದ ರೊಟ್ಟಿ ತಟ್ಟುತ್ತಿದ್ದ ಅಜ್ಜಿ ಎಲ್ಲ ಕೇಳಿಸಿಕೊಂಡಳು. ಒಡೆಯರು ಇರುವ ಮನೆಯಲ್ಲಿ ಯಾರೂ ಮುನಿಯಬಾರದು, ದನಿ ಏರಿಸಬಾರದು ಎನ್ನುತ್ತಿದ್ದಳಲ್ಲ, ನೆನಪಿದೆಯಾ? "ಹೊಟ್ಟೇಲಿ ಬೆಂಕಿ ಇಟ್ಕೊಂಡು ಇದನ್ನ ಹಾಡಬಾರ್ದು ಕಣೇ," ಎಂದಳು. "ಒಡೆಯರಿಗೆ ಕೇಳಿಸುತ್ತೆ. ಮುನಿಸ್ಕೊಂಡು ಮಗು ಹತ್ರಾನೇ ಕೂತುಬಿಡ್ತಾರೆ."

ಹೆದರಿಬಿಟ್ಟೆ. ಲಿಯಾಳ ಮುಖ ನೆನೆದುಕೊಂಡು ಎರಡು ದನಿಯನ್ನೂ ಮತ್ತೆ ಮೊದಲಿಂದ ಹಾಡಿದೆ. ಈ ಸಲ ಅಜ್ಜಿ ತಲೆದೂಗಿದಳು. ಆದರೆ ಎಲ್ಲವನ್ನೂ ಕೂಡಿಸಿ ಕೇಳಿದಾಗ, ಏನು ಹೇಳಲಿ, ಇರ್ಮಾ ಇನ್ನೂ ಅಲ್ಲೇ ಇದ್ದಾಳೆ. ನೀವಿಬ್ಬರೂ ಒಂದೇ ಕೋಣೆಯಲ್ಲಿ ಒತ್ತಾಗಿ ನಿಂತು ಹಾಡಿದ್ದೀರಿ. ನಿನ್ನ ಮೈಕಿನೊಳಗೂ ಅವಳು ಸೇರಿಕೊಂಡಿದ್ದಾಳೆ, ನಿನ್ನ ದನಿಯ ಹಿಂದೆ ಸಣ್ಣಗೆ. ನಿನ್ನ ಟ್ರ್ಯಾಕನ್ನು ತಗ್ಗಿಸಿ ನೋಡಿದೆ. ಅವಳ ಜೊತೆ ನೀನೂ ತಗ್ಗಿದೆ. ಅವಳು ಬೇಡವೆಂದರೆ ನಿನ್ನನ್ನೂ ತೆಗೆಯಬೇಕು. ಅದು ನನ್ನ ಕೈಲಾಗಲಿಲ್ಲ.

ಹಾಗೆಯೇ ಕಳಿಸುತ್ತಿದ್ದೇನೆ. ಇರ್ಮಾಳಿಗೆ ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು. ಕ್ಷಮೆಯನ್ನಂತೂ ನಾನು ಕೇಳುವುದಿಲ್ಲ. ನಿನ್ನ ಮನೆಗೆ ಬರುವ ಒಡೆಯರು ನಗುತ್ತಾ ಬರಲಿ, ನಗುತ್ತಲೇ ಹೊರಡಲಿ. ಲಿಯಾ ಕಲೆಯಿಲ್ಲದ ಮುಖ ಹೊತ್ತು ಬೆಳೆಯಲಿ. ಅಜ್ಜಿ ನಿನಗೆಂದು ಒಣಗಿಸಿದ ಪ್ಲಮ್ ಕಟ್ಟಿದ್ದಾಳೆ.

ನಿನ್ನ
ಲಮಾರಾ

ತಾ.ಕ.: ತಡವಾದದ್ದು ಕರೆಂಟಿನಿಂದಲ್ಲ. ಕ್ಯಾಸೆಟ್ಟು ಬಂದ ದಿನವೇ ಗುರಾಮನ ಸೆಲ್ಲಿನ ವಾಕ್‌ಮನ್‌ನಲ್ಲಿ ಇಯರ್‌ಫೋನ್ ಹಾಕಿ ಕೇಳಿದ್ದೆ. ಹಾಡು ಶುರುವಾಗುವ ಮೊದಲು ನಿನ್ನ ಟ್ರ್ಯಾಕಿನಲ್ಲಿ ಸ್ವಲ್ಪ ಮಾತಿದೆ. ಟೇಪು ಆಗಲೇ ಓಡುತ್ತಿದ್ದುದು ನಿಮಗೆ ಗೊತ್ತಿರಲಿಲ್ಲ. ಇರ್ಮಾ ಕೇಳುತ್ತಾಳೆ, "ಅವಳ ದನಿ ನಾನು ಹಾಡಿದ್ರೆ ಬೇಜಾರಾಗಲ್ವಾ? ಆಮೇಲೆ ಹಾಡಲ್ಲ ಅಂದ್ಬಿಟ್ರೆ?" ನೀನು ನಗುತ್ತೀಯ. "ಹಾಡ್ತಾಳೆ ಬಿಡೇ. ನನ್ನ ಬಿಟ್ರೆ ಅವಳಿಗೆ ಇನ್ಯಾರಿದ್ದಾರೆ?"

ಹಾಡಿದ್ದೇನೆ, ದೋದೋ. ಎರಡು ದನಿಯಲ್ಲೂ.